ವಿಷ್ಣುಕ್ರಾಂತಿಯ ಗುರುತು ಮತ್ತು ಅದರ ನೆಲೆ

ಭಾದ್ರಪದ ಮಾಸದಲ್ಲಿ ಗಣೇಶನ ಪೂಜೆಗೆ ಹೇಳಿರುವ 21 ಪತ್ರಗಳಲ್ಲಿ ವಿಷ್ಣುಕ್ರಾಂತಿಯೂ ಒಂದು. ಹೀಗಿದ್ದರೂ ಅದನ್ನು ತರಲು ಹೋದ ಹುಡುಗರು ಬೇಲಿಯ ಮೇಲಿನ ಶಂಖಪುಷ್ಪದ ಬಳ್ಳಿಯನ್ನೋ, ಕಾಲುವೆಯ ಬದಿಯ ಕನ್ನೆಸೊಪ್ಪನ್ನೋ ಕಿತ್ತು ತರುವುದುಂಟು. ಮೂರೂ ನೀಲಿ ಹೂ ಬಿಡುವುದೇ ಈ ತಪ್ಪಿಗೆ ಕಾರಣವು.

ವಿಷ್ಣುಕ್ರಾಂತಿಯು ನೆಲಕ್ಕಂಟಿ ಹರಡುವ ಸಣ್ಣ ಗಿಡ. ಕಟ್ಟಿಗೆಯಂತೆ ಗಡುಸಾದ ಒಂದು ಬೇರಿನಿಂದ ಹಲವು ತೆಳುವಾದ ಕಡ್ಡಿಗಳು ಸುತ್ತಲೂ ಹೊರಡುತ್ತವೆ. ಇವು ಯಾವುದನ್ನೂ ಸುತ್ತಿ ಹಬ್ಬುವುದಿಲ್ಲ. ಸಸ್ಯಶಾಸ್ತ್ರಜ್ಞರು ಇದಕ್ಕಿಟ್ಟಿರುವ ಇವಾಲ್ವುಲಸ್ ಎಂಬ ಹೆಸರಿಗೂ ಸುತ್ತಿಕೊಳ್ಳದುದೆಂದೇ ಅರ್ಥ. ಎಲೆಗಳು ಒಂದಂಗುಲವನ್ನು ಮೀರುವುದು ಅಪರೂಪ. ಅವುಗಳ ಮೇಲೂ ಕಡ್ಡಿಯ ಮೇಲೂ ರೇಷ್ಮೆಯಂಥ ರೋಮಗಳಿರುವುದರಿಂದ ಗಿಡವು ಬೂದುಬಣ್ಣವಾಗಿ ಕಾಣುತ್ತದೆ. ಎಲೆಯ ಕಂಕುಳಿನಿಂದ ನೂಲಿನಂಥ ತೊಟ್ಟು ಹೊರಟು, ಅದರ ತುದಿಯಲ್ಲಿ ಅರ್ಧ ಅಂಗುಲಕ್ಕೂ ಕಡಿಮೆ ಅಗಲದ ದುಂಡಾದ ಹೂ ಅರಳುತ್ತದೆ. ಶಂಖಪುಷ್ಪದ ಹೂವಾದರೋ ಅವರೆಯ ಹೂವಿನ ಜಾತಿಯದು, ಬಲು ದೊಡ್ಡದು. ಕನ್ನೆಸೊಪ್ಪಿನ ಕಾಂಡವು ನೀರುತುಂಬಿದ್ದು, ಅದಕ್ಕೆ ತೇವದ ನೆಲವೇ ಬೇಕು. ಗುರುತಿಸುವವರು ಬೆಳಗಿನಲ್ಲಿಯೇ ಹೋಗತಕ್ಕದ್ದು. ಬಿಸಿಲೇರಿದ ಮೇಲೆ ಹೂ ಮುಚ್ಚಿಕೊಳ್ಳುವುದರಿಂದ, ಗಿಡವನ್ನು ತುಳಿದುಕೊಂಡು ಹೋದವನಿಗೂ ಅದು ಕಾಣದು.

ಇದರ ನೆಲೆಯು ಬಿಸಿಲು ಚೆನ್ನಾಗಿ ಬೀಳುವ, ಮಣ್ಣು ತೆಳುವಾದ ಗರಸು ಬಯಲು. ಹೊಲದ ಬದುಗಳಲ್ಲಿಯೂ ದಾರಿಯ ಅಂಚಿನಲ್ಲಿಯೂ ಒಂದೆರಡು ಗಿಡಗಳಿರಬಹುದು. ಆದರೆ ದನಕರುಗಳು ಹಿತವಾಗಿ ಮೇದು ಹುಲ್ಲು ಗಿಡ್ಡವಾಗಿರುವ ಗೋಮಾಳದಲ್ಲಿ, ಪಂಚೆಗೆ ಚುಚ್ಚಿಕೊಳ್ಳುವ ಮುಳ್ಳುಬೀಜದ ಹುಲ್ಲುಗಳ ನಡುವೆ ಇದು ಧಾರಾಳವಾಗಿ ಸಿಕ್ಕಿದರೆ, ಆ ನೆಲವು ನೇಗಿಲು ಕಾಣದ ಹಳೆಯ ಹುಲ್ಲುಗಾವಲಾಗಿರಬಹುದೆಂದು ಊಹಿಸಲಡ್ಡಿಯಿಲ್ಲ.

ಇಂಥ ನೆಲವನ್ನು ಬರಡೆಂದು ಬರೆದಿಡುವುದು ಸುಲಭ. ಬರಡೆಂದ ಮೇಲೆ ಉಳುವುದಕ್ಕೋ ಮರ ನೆಡುವುದಕ್ಕೋ ಯಾರೂ ಹಿಂಜರಿಯರು. 1974ರಲ್ಲಿ ಕೃಷ್ಣಮೃಗಗಳಿಗಾಗಿ ಏರ್ಪಟ್ಟ ರಾಣೆಬೆನ್ನೂರಿನ ಅಭಯಾರಣ್ಯದಲ್ಲಿ ಸಹ ಬಹಳಷ್ಟು ನೆಲವನ್ನು ನೀಲಗಿರಿ ಮರಗಳು ಆಕ್ರಮಿಸಿದವು. ಕೃಷ್ಣಮೃಗವಾದರೋ ತೆರೆದ ಹುಲ್ಲುಬಯಲಿನ ಪ್ರಾಣಿ. ಮರದ ದಟ್ಟ ನೆರಳಿನಲ್ಲಿ ವಿಷ್ಣುಕ್ರಾಂತಿಯೂ ನಿಲ್ಲದು, ದನಕ್ಕೆ ಬೇಕಾದ ಹುಲ್ಲೂ ನಿಲ್ಲದು. 1966ರ ಭೂಕಂದಾಯ ನಿಯಮಗಳು 100 ದನಗಳಿಗೆ 12 ಹೆಕ್ಟೇರಿನಂತೆ ಗೋಮಾಳವನ್ನು ಕಾದಿರಿಸಬೇಕೆಂದು ವಿಧಿಸಿವೆ. ಆ ಲೆಕ್ಕವು ಕಾಗದದಲ್ಲಿ ಸರಿಯಾಗಿದ್ದು ನೆಲದ ಮೇಲೆ ಹುಲ್ಲೇ ಇಲ್ಲದಿದ್ದರೆ ದನಗಳ ಹೊಟ್ಟೆ ತುಂಬೀತೆ?

ಔಷಧಿಗೆಂದು ಗಿಡವನ್ನು ಬೇರುಸಹಿತ ಕಿತ್ತು ಮಾರುವವರೂ ಉಂಟು. ಬೇರು ಉಳಿದರೆ ಮುಂದಿನ ಮಳೆಗೆ ಅದೇ ಬುಡದಿಂದ ಚಿಗುರುವುದು. ಆದುದರಿಂದ ಪೂಜೆಗಾಗಲಿ ಔಷಧಿಗಾಗಲಿ ಬೇಕಾದವರು ಕಡ್ಡಿಗಳನ್ನು ಮಾತ್ರ ಕುಡುಗೋಲಿನಿಂದ ಕೊಯ್ದುಕೊಳ್ಳತಕ್ಕದ್ದು. ಗೋಮಾಳದಲ್ಲಿ ಗುಂಡಿ ತೋಡಿಸುವ ಮುನ್ನ ಗ್ರಾಮದ ಮುಖ್ಯಸ್ಥರು ಮುಂಗಾರು ಬಿದ್ದ ಕೆಲವು ವಾರಗಳ ಮೇಲೆ, ಬೆಳಗಿನ ಹೊತ್ತು, ಊರಿನ ದನಗಾಹಿಯೊಬ್ಬನನ್ನು ಜೊತೆಗೆ ಕರೆದುಕೊಂಡು ಆ ನೆಲವನ್ನು ಒಮ್ಮೆ ಸುತ್ತಿ ನೋಡುವುದು ಒಳ್ಳೆಯದು.