ಪಂದ್ಯಗಳ ಕಾಲ ಮತ್ತು ಉಳುಕಿದ ಹರಡು

ಅಂತರಕಾಲೇಜು ಫುಟ್‌ಬಾಲ್ ಪಂದ್ಯಗಳ ಕಾಲ ಬಂತೆಂದರೆ ನನ್ನ ಚಿಕಿತ್ಸಾಲಯಕ್ಕೆ ಕುಂಟುತ್ತ ಬರುವ ತರುಣರು ಹೆಚ್ಚುತ್ತಾರೆ. ಮೈಸೂರೆಂದರೆ ಗರಡಿ, ಕುಸ್ತಿ ಎಂಬ ಭಾವನೆ ನಮ್ಮಲ್ಲಿದೆ. ಆದರೆ ಕಾಲ್ಚೆಂಡೂ ಈ ನಾಡಿಗೆ ಹೊಸದಲ್ಲ. ಹಿಂದಿನ ಮೈಸೂರು ರಾಜ್ಯದ ತಂಡವು 1946-47, 1952-53, 1967-68 ಮತ್ತು 1968-69ರಲ್ಲಿ ಸಂತೋಷ್ ಟ್ರೋಫಿ ಗೆದ್ದಿತ್ತು. ಆ ಬಳಿಕ ಕರ್ನಾಟಕಕ್ಕೆ ಅದು ಮತ್ತೆ ಒಲಿದದ್ದು 2023ರ ಮಾರ್ಚಿನಲ್ಲಿ, ರಿಯಾದ್ ನಗರದಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿದಾಗ.

ಕಾಲೇಜು ತಂಡದ ಪಾಡು ಬೇರೆ. ಬಹುಮಟ್ಟಿಗೆ ಸೋತವರು ಹೊರಬೀಳುವ ಪದ್ಧತಿ. ವರ್ಷದ ಆಟವೆಲ್ಲ ಕೆಲವೇ ದಿನಗಳಲ್ಲಿ ಮುಗಿಯುತ್ತದೆ. ಅಲ್ಲಿ ಕಣ್ಣಿಗೆ ಬಿದ್ದವರು ವಿಶ್ವವಿದ್ಯಾನಿಲಯದ ತಂಡ ಸೇರಿ ದಕ್ಷಿಣ ವಲಯದ ಪಂದ್ಯಗಳಿಗೆ ಹೋಗುತ್ತಾರೆ. ಆದ್ದರಿಂದ ಕಾಲು ಉಳುಕಿದರೂ ಹುಡುಗರು ಬಾಯಿಬಿಡುವುದಿಲ್ಲ.

ಹಾಗೆ ಬಾಯಿಬಿಡದ ಒಬ್ಬನನ್ನು ಕಳೆದ ವರ್ಷ ಅವನ ಗೆಳೆಯರು ಎರಡೂ ತೋಳು ಹಿಡಿದು ಕರೆತಂದರು. ಪ್ರಸಾದ ನಿಲಯದಲ್ಲಿದ್ದು ಪದವಿ ಓದುತ್ತಿದ್ದ ಹಳ್ಳಿಯ ಹುಡುಗ. ಬಲಗಾಲಿನ ಹರಡು ಕಿತ್ತಳೆ ಹಣ್ಣಿನಂತೆ ಊದಿತ್ತು. ಹಿಂದಿನ ಸಂಜೆ ಯಾರೋ ಬಿಸಿ ಎಣ್ಣೆ ಹಚ್ಚಿ ಬಲವಾಗಿ ನೀವಿದ್ದರು. "ನಾಡಿದ್ದು ಸೆಮಿಫೈನಲ್ ಇದೆ ಡಾಕ್ಟರೇ, ಆಡೋ ಹಾಗೆ ಮಾಡಿಕೊಡಿ" ಎಂದ.

ಆಯುರ್ವೇದ ವೈದ್ಯನಾಗಿ ಹೇಳುತ್ತೇನೆ: ಹೊಸ ಉಳುಕಿಗೆ ಬಿಸಿ ಎಣ್ಣೆಯೂ ಬೇಡ, ನೀವುವುದೂ ಬೇಡ. ವೃತ್ತಿಯ ಆರಂಭದಲ್ಲಿ ನಾನೂ ಆ ತಪ್ಪು ಮಾಡಿದವನೇ. ಒಳಗೆ ಹರಿದ ಸೂಕ್ಷ್ಮ ರಕ್ತನಾಳಗಳಿಂದ ರಕ್ತ ಒಸರುತ್ತಿರುವಾಗ ಶಾಖ ಕೊಟ್ಟರೆ ಊತ ಏರುತ್ತದೆ. ಮೊದಲ ಎರಡು ದಿನ ವಿಶ್ರಾಂತಿ, ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಹದಿನೈದಿಪ್ಪತ್ತು ನಿಮಿಷದಂತೆ ಆಗಾಗ ಇಡುವುದು, ಹದವಾದ ಕಟ್ಟು, ಕಾಲನ್ನು ದಿಂಬಿನ ಮೇಲೆ ಎತ್ತರಿಸುವುದು, ಇಷ್ಟು ಸಾಕು. ನಾಲ್ಕು ಹೆಜ್ಜೆ ನಡೆಯಲಾಗದಿದ್ದರೆ ಅಥವಾ ಹರಡಿನ ಮೂಳೆಯನ್ನು ಒತ್ತಿದಾಗ ನೋವಾದರೆ ಎಕ್ಸ್‌ರೇ ತೆಗೆಸಲೇಬೇಕು. ಮಹಾನಾರಾಯಣ ತೈಲದ ಮೃದು ಅಭ್ಯಂಗಕ್ಕೆ ಊತ ಇಳಿದ ಮೇಲೆ ಸ್ಥಾನವುಂಟು.

ಹುಡುಗನ ಮೂಳೆ ಮುರಿದಿರಲಿಲ್ಲ. ಲಿಗಮೆಂಟು ಸ್ವಲ್ಪ ಹರಿದಿತ್ತು. ಮೂರು ವಾರ ಆಡಕೂಡದೆಂದೆ. ತಲೆಯಾಡಿಸಿದ. ಬಿಗಿಯಾಗಿ ಕಟ್ಟಿಕೊಂಡು ಸೆಮಿಫೈನಲ್ ಆಡಿದ. ತಂಡ ಗೆದ್ದಿತು, ಫೈನಲಿನಲ್ಲಿ ಸೋತಿತು. ಆ ಹೊತ್ತಿಗೆ ಅವನ ಕಾಲು ಮೆಟ್ಟಿಲೇರುವಾಗಲೂ ಒಳಕ್ಕೆ ಹೊರಳುವಂತಾಗಿತ್ತು. ವಿಶ್ವವಿದ್ಯಾನಿಲಯದ ತಂಡದ ಆಯ್ಕೆಗೆ ಅವನು ಹೋಗಲಾಗಲಿಲ್ಲ.

ತಪ್ಪು ಅವನೊಬ್ಬನದೆಂದು ನಾನು ಹೇಳಲಾರೆ. ಗರಡಿಯ ಪೈಲ್ವಾನ ಕಣಕ್ಕಿಳಿಯುವ ಮುನ್ನ ತಿಂಗಳುಗಟ್ಟಲೆ ಸಾಮು ಮಾಡುತ್ತಾನೆ. ಸುತ್ತೂರು ಜಾತ್ರೆಯ ಕುಸ್ತಿ ನೋಡಿದವರಿಗೆ ಆ ಮೈಕಟ್ಟಿನ ಪರಿಚಯವಿದೆ. ನಮ್ಮ ಕಾಲೇಜು ಹುಡುಗರು ತರಗತಿಯ ಬೆಂಚಿನಿಂದೆದ್ದು ಎರಡು ವಾರದ ತಾಲೀಮಿಗೆ 90 ನಿಮಿಷ ಓಡುತ್ತಾರೆ. ಅರ್ಧ ಬಲದಷ್ಟೇ ವ್ಯಾಯಾಮ ಮಾಡಬೇಕೆಂದು ವಾಗ್ಭಟನು ವಿಧಿಸಿದ್ದಾನೆ. ಹಣೆಯಲ್ಲಿ ಬೆವರು ಮೂಡುವುದು, ಬಾಯಿ ಒಣಗುವುದು ಅದರ ಗುರುತು. ಪಂದ್ಯದಲ್ಲಿ ಈ ಮಿತಿ ಪಾಲಿಸಲಾಗದು, ನಿಜ. ಆದರೆ ದಿನನಿತ್ಯ ಅರ್ಧ ಬಲದ ಅಭ್ಯಾಸವಿದ್ದವನಿಗೆ ಆ ಬಲವೇ ಬೆಳೆದಿರುತ್ತದೆ. ಫಿಫಾ ಸಂಸ್ಥೆಯ ವೈದ್ಯರು ರೂಪಿಸಿದ, ಇಪ್ಪತ್ತು ನಿಮಿಷದ 'ಇಲೆವೆನ್ ಪ್ಲಸ್' ಎಂಬ ಪೂರ್ವಸಿದ್ಧತೆಯ ವ್ಯಾಯಾಮಗಳಿವೆ. ಅವನ್ನು ಕ್ರಮವಾಗಿ ಮಾಡಿದ ತಂಡಗಳಲ್ಲಿ ಗಾಯಗಳು ಗಣನೀಯವಾಗಿ ತಗ್ಗಿರುವುದನ್ನು ಅಧ್ಯಯನಗಳು ತೋರಿಸಿವೆ. ಅದಕ್ಕೆ ಬೇಕಾದದ್ದು ಮೈದಾನ ಮತ್ತು ಚೆಂಡು ಮಾತ್ರ.

ಒಂಟಿಕಾಲಿನಲ್ಲಿ ನಿಲ್ಲುವ ಅಭ್ಯಾಸವೂ ಅದರಲ್ಲಿ ಸೇರಿದೆ. ಉಳುಕಿದ ಹರಡು ತನ್ನ ಸಮತೋಲನದ ಅರಿವನ್ನು ಕಳೆದುಕೊಂಡಿರುತ್ತದೆ. ಅದನ್ನು ಮರಳಿ ಕಲಿಸದೆ ಆಡಿದರೆ ಅದೇ ಕಾಲು ಮತ್ತೆ ಉಳುಕುತ್ತದೆ. ಮಕ್ಕಳನ್ನು ಆಟಕ್ಕೆ ಕಳುಹಿಸುವ ತಂದೆತಾಯಿಗಳು ಮರಳಿ ಆಡಲು ಬಿಡುವ ಮುನ್ನ ಇಷ್ಟನ್ನು ನೋಡಿದರೆ ಸಾಕು: ನೊಂದ ಕಾಲೊಂದರಲ್ಲೇ ನೋವಿಲ್ಲದೆ ಹತ್ತು ಸಲ ಕುಪ್ಪಳಿಸಬಲ್ಲನೇ?

ಆ ಹುಡುಗ ಈ ವರ್ಷ ಅಂತಿಮ ಪದವಿಯಲ್ಲಿದ್ದಾನೆ. ಬೆಳಗ್ಗೆ ಬಲಗಾಲಿನ ಮೇಲೆ ನಿಂತು ಹಲ್ಲುಜ್ಜುತ್ತಾನಂತೆ; ನಿಲಯದ ಕಿರಿಯರು ನಗುತ್ತಾರೆಂದು ದೂರಿದ. ಕಳೆದ ವಾರ ನನ್ನೆದುರಿಗೇ ಏಳು ಸಲ ಕುಪ್ಪಳಿಸಿ ನಿಂತ. ಇನ್ನೂ ಮೂರು ಬಾಕಿ ಇದೆ, ಹದಿನೈದು ದಿನ ಬಿಟ್ಟು ಬಾ ಎಂದಿದ್ದೇನೆ.