ಗರ್ಭದ ನೀರು ಹೆಚ್ಚಾದಾಗ

ವೃಷಭಾವತಿಯ ನೀರು ಬಂದು ಸೇರುವ ಬೈರಮಂಗಲ ಕೆರೆಯ ಸುತ್ತಿನವರಿಗೆ ಈ ಲೆಕ್ಕ ಗೊತ್ತು: ಒಳಹರಿವು ಹೆಚ್ಚಿದರೂ, ತೂಬು ಕಟ್ಟಿಕೊಂಡರೂ ಕೆರೆ ತುಂಬುತ್ತದೆ. ಗರ್ಭಜಲದ ಕಥೆಯೂ ಹೆಚ್ಚುಕಡಿಮೆ ಹೀಗೇ. ಐದನೇ ತಿಂಗಳ ನಂತರ ಅದು ಬಹುಪಾಲು ಮಗುವಿನ ಮೂತ್ರ. ಮಗುವೇ ಅದನ್ನು ಮತ್ತೆ ನುಂಗುತ್ತದೆ. ತಾಯಿಗೆ ಸಕ್ಕರೆ ಕಾಯಿಲೆ ಇದ್ದರೆ ಮಗುವಿನ ಮೂತ್ರ ಹೆಚ್ಚಬಹುದು. ಮಗುವಿನ ಅನ್ನನಾಳ ಮುಚ್ಚಿದ್ದರೆ ನುಂಗಲಾಗದು. ಎಷ್ಟೋ ಸಲ ಕಾರಣವೇ ಸಿಗುವುದಿಲ್ಲ. ಬಸುರಿ ಹೆಚ್ಚು ನೀರು ಕುಡಿದದ್ದಂತೂ ಕಾರಣವಲ್ಲ. 'ನೀರು ಕಡಿಮೆ ಕುಡಿಯಮ್ಮ' ಎನ್ನುವ ಹಿರಿಯರ ಕಾಳಜಿ ದೊಡ್ಡದು, ಸಲಹೆ ಮಾತ್ರ ತಪ್ಪು.

ಸ್ಕ್ಯಾನಿಂಗ್‌ನಲ್ಲಿ ಗರ್ಭದ ನಾಲ್ಕು ಭಾಗಗಳ ನೀರಿನ ಆಳವನ್ನು ಅಳೆದು ಕೂಡುತ್ತಾರೆ. ಮೊತ್ತ 24-25 ಸೆಂ.ಮೀ. ಮುಟ್ಟಿದರೆ ಹೆಚ್ಚೆಂದು ಲೆಕ್ಕ. ಬಹಳ ಮಂದಿಗೆ ಸಕ್ಕರೆ ಪರೀಕ್ಷೆ, ಆಗಾಗ ತಪಾಸಣೆ ಸಾಕು. ಉಸಿರಾಟಕ್ಕೇ ತೊಂದರೆಯಾದರೆ ವೈದ್ಯರು ಸೂಜಿಯಿಂದ ಸ್ವಲ್ಪ ನೀರು ತೆಗೆಯುವುದುಂಟು. 2016ರಿಂದ ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ ಇದೆ.

ನೀರು ದಿಢೀರನೆ ಒಡೆದರೆ ಮಾತ್ರ ಕಾಯುವಂತಿಲ್ಲ. ಅದರ ರಭಸಕ್ಕೆ ಹೊಕ್ಕುಳಬಳ್ಳಿ ಮಗುವಿಗಿಂತ ಮೊದಲೇ ಜಾರಿ ಅದುಮಿಕೊಳ್ಳಬಹುದು. ಓಡಾಡದೆ ಎಡಮಗ್ಗುಲಾಗಿ ಮಲಗಿ 108ಕ್ಕೆ ಫೋನ್ ಮಾಡಿಸಬೇಕು. ಹಿಗ್ಗಿದ ಗರ್ಭಕೋಶ ಹೆರಿಗೆಯ ಮೇಲೆ ಬೇಗ ಕುಗ್ಗದೆ ರಕ್ತಸ್ರಾವವೂ ಆಗಬಹುದು. ಆದ್ದರಿಂದ ರಾಮನಗರವೋ ಬೆಂಗಳೂರೋ, ರಕ್ತದ ಸೌಲಭ್ಯವಿರುವ ಆಸ್ಪತ್ರೆಯನ್ನು ಮನೆಯವರು ಮೊದಲೇ ಗೊತ್ತುಮಾಡಿಕೊಂಡಿರಬೇಕು.