ಹಾಲಿನ ಜಿಡ್ಡಿನಲ್ಲಿ ಅಡಗುವ ವಿಷ ಮತ್ತು ಪ್ರತಿಕಾಯ ಪರೀಕ್ಷೆ



ಹಾಲಿಗೆ ನೀರು ಬೆರೆತರೆ ಲ್ಯಾಕ್ಟೋಮೀಟರ್ ತೋರಿಸುತ್ತದೆ. ಹುಳಿಯಾಗಿದ್ದರೆ ಕಾಯಿಸಿದಾಗ ಒಡೆಯುತ್ತದೆ. ಆದರೆ ಬಣ್ಣ, ರುಚಿ, ವಾಸನೆ ಕೆಡಿಸದೆ ಜಿಡ್ಡಿನಲ್ಲಿ ಸೇರಿಕೊಳ್ಳುವ ವಿಷಗಳೂ ಇವೆ. ಪ್ಲಾಸ್ಟಿಕ್, ಫೋಮ್, ವಿದ್ಯುತ್ ಉಪಕರಣಗಳಿಗೆ ಬೇಗ ಬೆಂಕಿ ಹತ್ತದಿರಲೆಂದು ಬೆರೆಸುವ ಬ್ರೋಮಿನ್‌ಯುಕ್ತ ಬೆಂಕಿನಿರೋಧಕಗಳಲ್ಲಿ ಹಲವು ಇಂಥವು.

1973ರಲ್ಲಿ ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಪಶು ಆಹಾರಕ್ಕೆ ಸೇರಿಸುವ ಮೆಗ್ನೀಷಿಯಂ ಆಕ್ಸೈಡ್ ಬದಲಿಗೆ, ಅದೇ ಕಂಪನಿ ತಯಾರಿಸುತ್ತಿದ್ದ ಪಿಬಿಬಿ ಎಂಬ ಬೆಂಕಿನಿರೋಧಕದ ಚೀಲಗಳು ತಪ್ಪಾಗಿ ರವಾನೆಯಾದವು. ರಾಸುಗಳು ಮೇವು ಬಿಟ್ಟವು, ಹಾಲು ಇಳಿಯಿತು, ಗೊರಸು ವಿಕಾರವಾಗಿ ಬೆಳೆಯಿತು. ಕಾರಣ ತಿಳಿದದ್ದು 1974ರಲ್ಲಿ. ಅಷ್ಟರೊಳಗೆ ಆ ಹಾಲು, ಮಾಂಸ ಜನರನ್ನು ತಲುಪಿತ್ತು. ಸುಮಾರು 30,000 ರಾಸುಗಳನ್ನೂ 15 ಲಕ್ಷ ಕೋಳಿಗಳನ್ನೂ ನಾಶಪಡಿಸಬೇಕಾಯಿತು.

ಇಂಥ ವಿಷವನ್ನು ಖಚಿತವಾಗಿ ಅಳೆಯುವ ಯಂತ್ರಗಳು ದುಬಾರಿ. ನೂರಾರು ಮಾದರಿಗಳ ಪರೀಕ್ಷೆಗೆ ಕಾಲವೂ ಬೇಕು. ಆದ್ದರಿಂದಲೇ ಪ್ರತಿಕಾಯ ಬಳಸುವ ಎಲಿಸಾ ಪರೀಕ್ಷೆ ರೂಪಿಸುವ ಯತ್ನ ನಡೆಯಿತು. 2009ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದ ವಿಜ್ಞಾನಿಗಳು ಬಿಡಿಇ-47 ಎಂಬ ಬೆಂಕಿನಿರೋಧಕಕ್ಕೆ ಇಂಥ ಪರೀಕ್ಷೆಯನ್ನು ಪ್ರಕಟಿಸಿದರು.

ಪ್ರತಿಕಾಯವೆಂದರೇನು? ಕಾಲುಬಾಯಿ ಜ್ವರದ ಲಸಿಕೆ ಹಾಕಿಸಿದಾಗ ರಾಸಿನ ರಕ್ತದಲ್ಲಿ ಹುಟ್ಟುವ ಕಾವಲುಗಾರ. ಬೆಂಕಿನಿರೋಧಕದ ಅಣು ಬಲು ಚಿಕ್ಕದು. ಅದೊಂದನ್ನೇ ಚುಚ್ಚಿದರೆ ದೇಹ ಪ್ರತಿಕಾಯ ತಯಾರಿಸದು. ಆದ್ದರಿಂದ ಅದನ್ನು ಹೋಲುವ ತುಣುಕನ್ನು ದೊಡ್ಡ ಪ್ರೋಟೀನಿಗೆ ಅಂಟಿಸಿ ಮೊಲದಂಥ ಪ್ರಾಣಿಗೆ ಚುಚ್ಚಿ ಪ್ರತಿಕಾಯ ಪಡೆಯುತ್ತಾರೆ.

ಪರೀಕ್ಷೆ ಶಾಲಾ ಮಕ್ಕಳ ಕುರ್ಚಿ ಆಟದಂತೆ. ಪ್ರತಿಕಾಯಗಳೇ ಕುರ್ಚಿಗಳು. ಮಾದರಿಯಲ್ಲಿರುವ ವಿಷವೂ, ಬಣ್ಣ ಬರಿಸುವ ಕಿಣ್ವ ಕಟ್ಟಿದ ತುಣುಕೂ ಅವಕ್ಕಾಗಿ ಪೈಪೋಟಿ ನಡೆಸುತ್ತವೆ. ವಿಷ ಹೆಚ್ಚಿದ್ದರೆ ಬಣ್ಣ ಕಡಿಮೆ. ವಿಷ ಇಲ್ಲದಿದ್ದರೆ ಬಣ್ಣ ಗಾಢ.

ಇದಕ್ಕೂ ಮಿತಿಗಳಿವೆ. ವಿಷ ಜಿಡ್ಡಿಗೆ ಅಂಟಿಕೊಳ್ಳುವುದರಿಂದ ಹಾಲಿನಿಂದ ಅದನ್ನು ಮೊದಲು ಬೇರ್ಪಡಿಸಬೇಕು. ಹುಡುಕುವ ವಿಷ ಮತ್ತು ಅದರ ಹತ್ತಿರದ ಬಂಧುಗಳನ್ನು ಮಾತ್ರ ಈ ಪರೀಕ್ಷೆ ಹಿಡಿಯುತ್ತದೆ. ಸಂಶಯ ಬಂದ ಮಾದರಿಯನ್ನು ಯಂತ್ರದಿಂದಲೇ ಖಚಿತಪಡಿಸಬೇಕು.

ಮುಖ್ಯವಾಗಿ, ಪರೀಕ್ಷೆ ವಿಷವನ್ನು ತೋರಿಸುತ್ತದೆಯೇ ಹೊರತು ತೆಗೆಯುವುದಿಲ್ಲ; ಹಾಲು ಕಾಯಿಸಿದರೂ ಅದು ಹೋಗದು. ಆದ್ದರಿಂದ:

1. ಪಶು ಆಹಾರ, ಖನಿಜ ಮಿಶ್ರಣವನ್ನು ಚೀಟಿ ಇರುವ, ಹೊಲಿಗೆ ಬಿಚ್ಚದ ಚೀಲಗಳಲ್ಲೇ ಕೊಳ್ಳಿ. ಮುಗಿಯುವವರೆಗೆ ಚೀಟಿ ಇಟ್ಟುಕೊಳ್ಳಿ.

2. ರಾಸಾಯನಿಕ ತುಂಬಿದ್ದ ಚೀಲ, ಡ್ರಮ್ಮುಗಳಲ್ಲಿ ಮೇವು, ನೀರು ಇಡಬೇಡಿ.

3. ಕೊಟ್ಟಿಗೆ, ಹುಲ್ಲುಗಾವಲಿನ ಬಳಿ ವೈರು, ಪ್ಲಾಸ್ಟಿಕ್, ಹಳೆಯ ಫೋಮ್ ಸುಡಬೇಡಿ.

4. ಹೊಸ ಚೀಲ ಬಿಚ್ಚಿದ ಮೇಲೆ ಹಲವು ರಾಸುಗಳು ಒಟ್ಟಿಗೆ ಮೇವು ಬಿಟ್ಟರೆ ಆ ಆಹಾರ ನಿಲ್ಲಿಸಿ, ಒಂದಿಷ್ಟನ್ನು ತೆಗೆದಿಟ್ಟು, ಸಂಘದ ಕಾರ್ಯದರ್ಶಿಗೂ ಪಶುವೈದ್ಯರಿಗೂ ಕೂಡಲೇ ತಿಳಿಸಿ.